ಶಿವದೇವಿಯ ತಾಟು

ಅಮರೇಶಪ್ಪನವರ ಮನೆಯಲ್ಲಿ ಗಂಡಸರಿಗಿಂತ ಮೊದಲು ಉಣ್ಣುವ ಹೆಂಗಸು ಒಬ್ಬಳೇ ಇದ್ದಳು. ಅವಳು ಸತ್ತು ಮೂವತ್ತನಾಲ್ಕು ವರ್ಷವಾಗಿತ್ತು.

ಶಿವದೇವಿ ಅವರ ಮೊದಲ ಹೆಂಡತಿ. ಏಳು ತಿಂಗಳ ಬಸುರಿಯಾಗಿದ್ದಾಗ, ಕಾಚಿಗುಡದ ಬಾಡಿಗೆ ಮನೆಯಲ್ಲಿ, ಹಿರಿಯರ ಅಮಾವಾಸ್ಯೆಯ ದಿನವೇ ಅಡುಗೆಮನೆಯಲ್ಲಿ ಕುಸಿದವಳು ಮತ್ತೆ ಏಳಲಿಲ್ಲ. ಅಕ್ಕನಿಗೆ ನೆರವಾಗಲೆಂದು ಲಿಂಗಸುಗೂರಿನಿಂದ ಬಂದಿದ್ದ ತಂಗಿ ಉಮಾಬಾಯಿಯನ್ನೇ ಮೂರು ತಿಂಗಳೊಳಗೆ ಅಮರೇಶಪ್ಪನವರಿಗೆ ಕಟ್ಟಿದರು. ಹದಿನೇಳರ ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ. ತಾಳಿಯ ಪಕ್ಕದಲ್ಲಿ ಹೆಣ್ಣಿನ ಮೂರ್ತಿ ಒತ್ತಿದ ಇನ್ನೊಂದು ಸಣ್ಣ ಬಂಗಾರದ ಬಿಲ್ಲೆ ಪೋಣಿಸಿದರು. ಸವತಿ ತಾಳಿ ಎನ್ನುತ್ತಾರೆ ಅದಕ್ಕೆ. ಸತ್ತ ಹಿರಿಯ ಹೆಂಡತಿಯನ್ನು ಎರಡನೆಯವಳು ಕೊರಳಲ್ಲಿ ಹೊತ್ತುಕೊಂಡರೆ ಅವಳು ಕಾಡುವುದಿಲ್ಲವಂತೆ. ಸ್ವಂತ ಅಕ್ಕನನ್ನೇ ಸವತಿಯೆಂದು ಕಟ್ಟಿಕೊಂಡು ಉಮಾಬಾಯಿ ಅಷ್ಟೂ ವರ್ಷ ರೊಟ್ಟಿ ಬಡಿದಳು. ಹಂಚಿನ ಮೇಲೆ ಬಗ್ಗಿದಾಗಲೆಲ್ಲ ಬಿಲ್ಲೆ ಕಾಯುತ್ತಿತ್ತು. ನೆಟ್ಟಗೆ ನಿಂತಾಗ ಎದೆಗೆ ತಾಗಿ ಚುರುಕ್ ಎನ್ನುತ್ತಿತ್ತು.

ಸತ್ತ ಮೇಲೆ ಶಿವದೇವಿಗೆ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ಹಬ್ಬದ ದಿನ ಅವಳ ಫೋಟೋದ ಮುಂದೆ ಅವಳ ಹೆಸರು ಕೊರೆದ ಸ್ಟೀಲಿನ ತಾಟಿಟ್ಟು ಬಿಸಿ ಅಡುಗೆ ಬಡಿಸಬೇಕು. ಹೊಸ ಸೀರೆಯನ್ನು ಮೊದಲು ಅವಳಿಗೆ ಏರಿಸಬೇಕು. ಹಿರಿಯರ ಅಮಾವಾಸ್ಯೆಗಂತೂ ಅವಳ ಹೆಸರಿನಲ್ಲಿ ಹೊರಗಿನ ಮುತ್ತೈದೆಯೊಬ್ಬಳನ್ನು ಕರೆತಂದು, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ ಉಣಿಸಬೇಕು. ಆಕೆ ಕೈ ತೊಳೆಯುವವರೆಗೆ ಗಂಡಸರೂ ತುತ್ತು ಮುಟ್ಟುವಂತಿಲ್ಲ. ಇದರಲ್ಲಿ ಕಾಲುಭಾಗ ಬದುಕಿದ್ದಾಗ ಸಿಕ್ಕಿದ್ದರೆ ಶಿವದೇವಿ ಇವತ್ತು ಮೊಮ್ಮಕ್ಕಳನ್ನು ಆಡಿಸುತ್ತಿದ್ದಳೇನೋ.

ಉಳಿದ ದಿನಗಳ ಪದ್ಧತಿ ಬೇರೆ. ಗಂಡಸರದು ಮೊದಲು. ಅವರು ಎದ್ದ ಮೇಲೆ ಹೆಂಡತಿ ಗಂಡನ ತಾಟಿನಲ್ಲೇ ಬಡಿಸಿಕೊಂಡು ಉಣ್ಣಬೇಕು. ಸೊಸೆ ಸುವರ್ಣಾ ಮದುವೆಯಲ್ಲಿ ತವರಿನಿಂದ ಹೆಸರು ಕೊರೆಸಿ ತಂದ ತಾಟು ಎಂಟು ವರ್ಷದಿಂದ ಅಡುಗೆಮನೆಯ ಅಟ್ಟದ ಮೇಲೆ ಕಾಗದ ಸುತ್ತಿಕೊಂಡು ಕೂತಿತ್ತು.

ಸುವರ್ಣಾ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಏಳೂಕಾಲಿಗೆ ದಿಲ್‌ಸುಖ್‌ನಗರದ ಚೌಕದಲ್ಲಿ ಕಂಪನಿಯ ಬಸ್ಸು ಹತ್ತಿದರೆ ಇಳಿಯುವುದು ರಾತ್ರಿ ಎಂಟಕ್ಕೆ. ಗಂಡ ರಾಹುಲ ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ ಮೇಷ್ಟ್ರು. ಅದು ಮನೆಯಿಂದ ಹತ್ತು ನಿಮಿಷದ ದಾರಿ, ಐದಕ್ಕೆಲ್ಲ ಮನೆಗೆ ಬಂದು ಟಿವಿಯ ಮುಂದೆ ಕೂರುತ್ತಿದ್ದ. ಮನೆಯ ಸಾಲದ ಕಂತು ಸುವರ್ಣಾಳ ಸಂಬಳದಿಂದ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವವರಿರಲಿಲ್ಲ.

ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಉಮಾಬಾಯಿಯ ಬಲ ಮಣಿಕಟ್ಟು ಮುರಿದ ಮೇಲೆ ಸಂಜೆಯ ರೊಟ್ಟಿ ಸೊಸೆಯ ಪಾಲಿಗೆ ಬಿದ್ದಿತ್ತು. ಈಗ ಸುವರ್ಣಾ ನಾಲ್ಕು ತಿಂಗಳ ಬಸುರಿ. ಬಂದವಳು ಬ್ಯಾಗು ಇಟ್ಟು ಕೈಕಾಲು ತೊಳೆದು ನೇರ ಹಂಚಿನ ಮುಂದೆ ನಿಲ್ಲುತ್ತಿದ್ದಳು.

"ಸುವರ್ಣಾ, ಜಲ್ದಿ ಆಗ್ಲೆವ್ವ. ಹೊತ್ತಾತು," ಎಂದು ಅಮರೇಶಪ್ಪನವರು ಮುಂದಿನ ಹಾಲಿನಿಂದ ಕೂಗುವರು. ಅವರಿಗೆ ತಣ್ಣನೆಯ ರೊಟ್ಟಿ ಗಂಟಲಲ್ಲಿ ಇಳಿಯದು.

"ಆತ್ರಿ ಮಾವಾರ, ಬಂದೆ."

ಆರು ವರ್ಷದ ಮೊಮ್ಮಗಳು ಪೂರ್ವಿ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ಒಂದು ಸಂಜೆ ಸುವರ್ಣಾ ಅವಳಿಗೆ, "ತಗೊ, ಬಿಸಿ ಐತಿ, ತಿನ್ನು," ಎಂದು ರೊಟ್ಟಿಯ ಚೂರು ನೀಡಿದಳು.

ಹುಡುಗಿ ಹಾಲಿನಲ್ಲಿ ಕೂತ ಅಜ್ಜನ ಕಡೆ ನೋಡಿ ತಲೆಯಾಡಿಸಿದಳು. "ನನಗ ಹಸಿವಿಲ್ಲ. ಅಜ್ಜಾ ಉಂಡ ಮ್ಯಾಲೆ ಹಸಿವಾಗ್ತೈತಿ."

ಉಮಾಬಾಯಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಕೈ ನಿಂತಿತು. ಹಸಿವು ಯಾವಾಗ ಆಗಬೇಕೆಂದು ಈ ಕೂಸಿಗೆ ಕಲಿಸಿದವರು ಯಾರು? ತಾನೇ. ಬೇರೆ ಯಾರು ಕಲಿಸಬೇಕು?

ಅದಾದ ವಾರಕ್ಕೆ ಸುವರ್ಣಾ ಆಫೀಸಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ಜೊತೆಯವರು ಮಣಿಕೊಂಡದ ಒಂದು ಆಸ್ಪತ್ರೆಗೆ ಸೇರಿಸಿ ಫೋನ್ ಮಾಡಿದರು. ಮರುದಿನ ರಾಹುಲ ಅವಳನ್ನು ಆಟೋದಲ್ಲಿ ಕರೆತಂದ. ಅವಳ ಮುಖ ಬೂದಿ ಬಳಿದಂತಿತ್ತು.

"ಏನಂದ್ರೋ ಡಾಕ್ಟ್ರು?" ಉಮಾಬಾಯಿ ಕೇಳಿದಳು.

"ರಕ್ತ ಭಾಳ ಕಡಿಮಿ ಐತಂತ ಯವ್ವಾ. ಹನ್ನೆರಡು ಇರಬೇಕಾದ್ದು ಆರಕ್ಕ ಇಳದೈತಿ. ಹೊತ್ತಿಗೆ ಸರಿಯಾಗಿ ಹೊಟ್ಟಿತುಂಬ ಉಣ್ಣಲಿಲ್ಲಂದ್ರ ತಾಯಿ ಮಗು ಇಬ್ರಿಗೂ ಕಷ್ಟ ಅಂದ್ರು. ಆಕಿ ಡಾಕ್ಟ್ರು ನನ್ನನ್ನ ಬೈದ್ಲು. ಮನ್ಯಾಗ ಊಟ ಹಾಕಂಗಿಲ್ಲೇನ್ರಿ ಅಂತ."

"ಬಸುರಿ ಅಂದ್ರ ಇವೆಲ್ಲಾ ಇರ್ತಾವ," ಎಂದರು ಅಮರೇಶಪ್ಪನವರು, ಪೇಪರು ಮಡಿಸುತ್ತ. "ಗುಳಿಗಿ ಕೊಟ್ಟಾರಿಲ್ಲೋ? ತಗೊಂಡ್ರ ಆತು. ಫಿಕರ್ ಮಾಡಬ್ಯಾಡ್ರಿ."

ರಕ್ತ ಕಡಿಮೆ. ಶಿವದೇವಿ ಸತ್ತಾಗ ಆಸ್ಪತ್ರೆಯ ಡಾಕ್ಟರು ಹೇಳಿದ್ದೂ ಅದನ್ನೇ. ಊರಿನವರು ಮಾತ್ರ, ಅಮಾವಾಸ್ಯೆಯ ದಿನ ಏನೋ ಸೋಂಕಿತು ಎಂದಿದ್ದರು. ಆ ಮಾತೇ ಎಲ್ಲರಿಗೂ ಒಗ್ಗಿತ್ತು.

ಉಮಾಬಾಯಿ ಧೈರ್ಯ ಮಾಡಿ ಗಂಡನ ಮುಂದೆ ನಿಂತಳು. "ಏನ್ರಿ, ಹಡಿಯೂ ತನಕ ಆಕಿ ಮೊದ್ಲು ಉಣ್ಣಲಿ. ಬಂದ ಕೂಡ್ಲೆ."

"ಮನಿ ಪದ್ಧತಿ ಅಂತ ಒಂದೈತಿ ಇಲ್ಲೋ? ನಮ್ಮವ್ವ ಹಿಂಗ ಮಾಡಿದ್ಲೇನು? ನೀ ಮಾಡಿದ್ಯೇನು?"

"ನಾ ಮಾಡ್ಲಿಲ್ಲ. ಅದಕ್ಕ..."

"ಅದಕ್ಕ ಏನೂ ಇಲ್ಲ. ಹೋಗು, ಚಾ ಇಡು."

ಅವಳು ಚಹಾ ಇಟ್ಟಳು. ಆದರೆ ಅಂದಿನಿಂದ ಕದ್ದು ಉಣಿಸತೊಡಗಿದಳು. ತನ್ನ ಮನೆಯಲ್ಲಿ, ಸೊಸೆಯ ದುಡ್ಡಿನ ಜೋಳದ ರೊಟ್ಟಿಯನ್ನು, ಸೊಸೆಗೇ ಕದ್ದು. ಸುವರ್ಣಾ ಗೋಡೆಗೆ ಮುಖ ಮಾಡಿ ನಿಂತು ಎರಡು ತುತ್ತು ನುಂಗುವುದರಲ್ಲಿ ಹಾಲಿನಿಂದ ಕೂಗು ಬರುತ್ತಿತ್ತು. ಅರ್ಧ ರೊಟ್ಟಿ ಡಬ್ಬಿಯ ಹಿಂದೆ ಸರಿಯುತ್ತಿತ್ತು.

"ಕಳ್ಳರಂಗ ತಿಂದ್ರ ಮೈಗೆ ಹತ್ತಂಗಿಲ್ಲ ಅತ್ತಿ," ಎಂದು ಒಂದು ದಿನ ಸುವರ್ಣಾ ಹೇಳಿಬಿಟ್ಟಳು. "ಆಫೀಸಿನ್ಯಾಗ ಹದಿನಾಲ್ಕು ಮಂದಿ ನಾ ಹೇಳಿದ್ದು ಕೇಳ್ತಾರ. ಇಲ್ಲಿ ಒಂದು ತುತ್ತಿಗೆ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಬೇಕು."

ಉಮಾಬಾಯಿ ಡಬ್ಬಿಯ ಹಿಂದಿನ ಅರ್ಧ ರೊಟ್ಟಿಯನ್ನು ತೆಗೆದು ಮತ್ತೆ ಅವಳ ಕೈಗಿಟ್ಟಳು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಮರೇಶಪ್ಪನವರು ಪೆನ್ಷನ್ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದರು. ಉಮಾಬಾಯಿ ಮಾಳಿಗೆಯಿಂದ ಒಣಗಿದ ಬಟ್ಟೆ ತಂದು ಬಾಗಿಲು ನೂಕಿದಾಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ತಟ್, ತಟ್, ತಟ್. ಸುವರ್ಣಾ ಬೇಗ ಬಂದಳೇನೋ ಎಂದುಕೊಂಡು ಒಳಗೆ ಇಣುಕಿದಳು.

ಒಬ್ಬ ಹೆಂಗಸು ನೆಲದ ಮೇಲೆ ಒಂದು ಮೊಣಕಾಲೆತ್ತಿ ಕೂತಿದ್ದಳು. ಬೆನ್ನು ಕಾಣುತ್ತಿತ್ತು. ಹಸಿರು ಇಳಕಲ್ ಸೀರೆ, ಸಡಿಲ ತುರುಬು, ಬೆವರಿಗೆ ಬೆನ್ನಿಗಂಟಿದ ಕುಪ್ಪಸ. ಈ ಮನೆಯಲ್ಲಿ ನೆಲದ ಒಲೆಯೇ ಇಲ್ಲ. ಎಲ್ಲರೂ ಕಟ್ಟೆಯ ಮುಂದೆ ನಿಂತೇ ಅಡುಗೆ ಮಾಡುವವರು.

"ಉಮೀ," ಎಂದಿತು ಆ ಬೆನ್ನು. "ಹಸಿವಾಗೈತಿ."

ಉಮಾಬಾಯಿಯ ಕೈಯಿಂದ ಬಟ್ಟೆ ಬಿದ್ದವು. ಬಗ್ಗಿ ಎದ್ದು ನೋಡಿದರೆ ನೆಲ ಖಾಲಿ, ಒಲೆ ಆರಿತ್ತು. ಕೊರಳ ಬಿಲ್ಲೆ ಮಾತ್ರ ಈಗಷ್ಟೇ ಹಂಚಿನ ಮೇಲೆ ಬಗ್ಗಿದವಳ ಬಿಲ್ಲೆಯಂತೆ ಸುಡುತ್ತಿತ್ತು. ಅವಳು ಗೋಡೆ ಹಿಡಿದು ಕೂತಳು. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿ ಅವಳನ್ನು ಹಿಂಡಿತು.

ಅದಕ್ಕೂ ಕಾರಣವಿತ್ತು. ಈ ಮೂವತ್ತನಾಲ್ಕು ವರ್ಷದಲ್ಲಿ ಉಮಾಬಾಯಿ ತನ್ನ ಹೆಸರಿನಲ್ಲಿ ಕೇಳಿ ಏನನ್ನೂ ಪಡೆದವಳಲ್ಲ. ಅಕ್ಕನ ಹೆಸರಿನಲ್ಲಿ ಮಾತ್ರ ಮೂರು ಸಲ ಪಡೆದಿದ್ದಳು. ಗ್ಯಾಸಿನ ಒಲೆ ಬೇಕಾದಾಗ ಒಮ್ಮೆ. ರಾಹುಲನ ನಂತರ ಇನ್ನು ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಳ್ಳಬೇಕಾದಾಗ ಒಮ್ಮೆ. ಸೊಸೆ ನೌಕರಿಗೆ ಹೋಗಬಾರದೆಂದು ಅಮರೇಶಪ್ಪನವರು ಹಟ ಹಿಡಿದಾಗ ಇನ್ನೊಮ್ಮೆ. ಪ್ರತಿ ಸಲವೂ, "ಅಕ್ಕ ಕನಸಿನ್ಯಾಗ ಬಂದು ಹೇಳಿದ್ಲು," ಎಂದಿದ್ದಳು. ಗಂಡನ ಮುಖ ಬಿಳಿಚಿಕೊಂಡು, ಕೇಳಿದ್ದು ಆಗಿತ್ತು. ಬದುಕಿರುವ ಹೆಂಡತಿಯ ಮಾತಿಗೆ ಚಹಾದಷ್ಟೂ ಬೆಲೆಯಿಲ್ಲದ ಮನೆಯಲ್ಲಿ ಸತ್ತ ಹೆಂಡತಿಯ ಮಾತು ಕೋರ್ಟಿನ ಆರ್ಡರಿನ ಹಾಗೆ ನಡೆಯುತ್ತಿತ್ತು. ಮೂರೂ ಸುಳ್ಳು. ಈಗ ಅಕ್ಕ ನಿಜವಾಗಿಯೇ ಬಂದಿದ್ದಳು, ಉಮಾಬಾಯಿ ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಮಾತನ್ನೇ ಆಡಿದ್ದಳು.

ಸಂಜೆ ಅವಳು ನಾಲ್ಕನೇ ಸಲ ಗಂಡನಿಗೆ ಹೇಳಿದಳು. ಅಡುಗೆಮನೆಯಲ್ಲಿ ಕಂಡದ್ದನ್ನಲ್ಲ, ಹಳೆಯ ರೀತಿಯಲ್ಲೇ, ಕನಸೆಂದು. "ಅಕ್ಕ ಬಂದಿದ್ಲು. ವರ್ಷಕ್ಕೊಮ್ಮೆ ಸಾಲದಂತ. ದಿನಾ ತಾಟು ಇಡಬೇಕಂತ. ಮನಿ ಮುತ್ತೈದಿ, ಬಸುರಿ, ಆಕಿ ಹೆಸರಿನ್ಯಾಗ ಮೊದ್ಲು ಉಣ್ಣಬೇಕಂತ."

ಅಮರೇಶಪ್ಪನವರು ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು. "ಸಿಟ್ಟಿನ್ಯಾಗಿದ್ಲೇನು?"

"ಹಸದಿದ್ಲು."

ಮರುದಿನ ಭಾನುವಾರ. ಬೆಳಗ್ಗೆಯೇ ಅವರು ಶಿವದೇವಿಯ ಫೋಟೋದ ಮುಂದೆ ಮಣೆ ಹಾಕಿಸಿದರು. ಶಿವದೇವಿಯ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ತುಪ್ಪ. ಊದುಬತ್ತಿ ಹಚ್ಚಿ ತಾವೇ ಕೈಮುಗಿದು ನಿಂತು, "ಕುಂದ್ರವ್ವ ಸುವರ್ಣಾ," ಎಂದರು.

"ಏನ್ರಿ ಇದು?"

"ನಿಮ್ಮ ದೊಡ್ಡತ್ತಿ ಹೇಳ್ಯಾಳ. ಆಕಿ ಹೆಸರಿನ್ಯಾಗ ನೀ ದಿನಾ ಮೊದ್ಲು ಉಣ್ಣಬೇಕು."

ಸುವರ್ಣಾ ತಾಟನ್ನು ನೋಡಿದಳು. ಅಂಚಿನಲ್ಲಿ ಕೊರೆದ ಹೆಸರು ನೋಡಿದಳು. ಅತ್ತೆಯ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು.

"ನಾ ಉಣ್ಣಂಗಿಲ್ಲ."

"ಯಾಕ?" ರಾಹುಲ ಮುಂದೆ ಬಂದ. "ಯಾರ ಹೆಸರಿನ್ಯಾಗರ ಉಣ್ಣು. ಹೊಟ್ಟಿಗೆ ಹೋಗೂದು ಒಂದ ಅಲ್ಲೇನು?"

"ನನ್ನ ಹೆಸರಿನ್ಯಾಗ ಯಾಕ ಆಗಂಗಿಲ್ಲ? ಮೂರು ವಾರ ಆತು ಡಾಕ್ಟ್ರು ಹೇಳಿ. ಬದುಕಿದಾಕಿಗೆ ಹಸಿವಾಗೈತಿ ಅಂದ್ರ ಪದ್ಧತಿ ಅಂತೀರಿ. ಸತ್ತಾಕಿಗೆ ಹಸಿವಾತಂದ್ರ ಊದುಬತ್ತಿ ಹಚ್ತೀರಿ. ನಾನೂ ಸತ್ತ ಮ್ಯಾಲೆ ಉಣ್ಣತೀನಿ ಬಿಡ್ರಿ. ಆವಾಗ ಫೋಟೋ ಛಲೋದು ಹಾಕ್ರಿ."

"ಬಿಡ್ತು ಅನ್ನು!" ಉಮಾಬಾಯಿ ಚೀರಿದಳು.

"ಮನ್ಯಾಗ ಹಿಂಗ ಮಾತಾಡ್ತಾರೇನು?" ಅಮರೇಶಪ್ಪನವರ ದನಿ ಏರಿತು. "ನಾಕು ಅಕ್ಷರ ಕಲ್ತು ನೌಕರಿ ಮಾಡಿದ್ರ..."

"ಅಮಾವಾಸ್ಯಿ ಮುಗಿಸಿಕೊಂಡು ನಾನು, ಪೂರ್ವಿ ಮಣಿಕೊಂಡಕ್ಕ ಹೋಗ್ತೀವಿ ಮಾವಾರ. ಗೆಳತಿ ಮನ್ಯಾಗ ಒಂದು ಖೋಲಿ ಖಾಲಿ ಐತಿ. ಅಲ್ಲೇ ಹಡೀತೀನಿ. ರಾಹುಲ್ ಬರೂದಾದ್ರ ಬರ್ಲಿ."

ರಾಹುಲ ತಂದೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಟಿವಿಯ ರಿಮೋಟ್ ಹುಡುಕಿದ. ಪಾಪದ ಹುಡುಗ, ಅವನಿಗೆ ಯಾರೂ ಏನನ್ನೂ ಎತ್ತಲು ಕಲಿಸಿರಲಿಲ್ಲ, ಮಾತನ್ನು ಕೂಡ.

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ಪಾತ್ರೆಗಳದಷ್ಟೇ ಸದ್ದು. ಉಮಾಬಾಯಿ ಅಡುಗೆಮನೆಗೆ ಕಾಲಿಡುವಾಗ ಮೊದಲು ನೆಲ ನೋಡುತ್ತಿದ್ದಳು. ಒಂದೆರಡು ಸಲ ಯಾರೋ ಕೂತು ಈಗಷ್ಟೇ ಎದ್ದುಹೋದಂತೆ ಅಲ್ಲಿ ಬೆಚ್ಚಗಿತ್ತು.

ಹಿರಿಯರ ಅಮಾವಾಸ್ಯೆ ಗುರುವಾರ ಬಂತು. ಸುವರ್ಣಾ ರಜೆ ಹಾಕಿ ಬೆಳಗಿನ ಆರರಿಂದ ಒಲೆಯ ಮುಂದಿದ್ದಳು. ಇದೊಂದು ಮುಗಿಸಿಕೊಟ್ಟು ಹೋಗುತ್ತೇನೆ ಎಂದಿದ್ದಳು. ಅವಳ ಸೂಟ್‌ಕೇಸು ಕೋಣೆಯ ಬಾಗಿಲಲ್ಲಿ ನಿಂತಿತ್ತು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಎರಡು ಬುಟ್ಟಿ ರೊಟ್ಟಿ. ಎಡೆಯಾಗುವ ತನಕ ಯಾರೂ ಏನೂ ತಿನ್ನುವಂತಿಲ್ಲ. ಅಮರೇಶಪ್ಪನವರೂ ರಾಹುಲನೂ ಹತ್ತಕ್ಕೆ ಚಹಾ, ಚುರುಮುರಿ ತೆಗೆದುಕೊಂಡಿದ್ದರು. ಅದು ಲೆಕ್ಕಕ್ಕಿಲ್ಲವಂತೆ.

ಹನ್ನೆರಡಕ್ಕೆ ಫೋನ್ ಬಂತು. ಪ್ರತಿ ವರ್ಷ ಮುತ್ತೈದೆಯಾಗಿ ಬರುತ್ತಿದ್ದ, ಹತ್ತಿರದಲ್ಲೇ ಇರುವ ಬೀದರಿನ ಕಡೆಯ ಪಾರ್ವತಿಬಾಯಿಗೆ ಜ್ವರ ಬಂದು ಕೀಲು ಹಿಡಿದುಕೊಂಡಿವೆ, ಏಳಲಾರಳು.

"ಬ್ಯಾರೆ ಯಾರನ್ನರ ಕರಕೊಂಡು ಬಾ," ಎಂದು ಅಮರೇಶಪ್ಪನವರು ಮಗನನ್ನು ಓಡಿಸಿದರು.

ರಾಹುಲ ನಾಲ್ಕೂ ಮಹಡಿ ಹತ್ತಿ ಇಳಿದ. ಆ ಅಪಾರ್ಟ್‌ಮೆಂಟಿನ ಸೊಸೆಯಂದಿರೆಲ್ಲ ಆಫೀಸುಗಳಲ್ಲಿದ್ದರು. ಬಾಗಿಲು ತೆರೆದವರು ಒಂದೋ ವಿಧವೆ ಅತ್ತೆಯರು, ಇಲ್ಲವೇ ತಮ್ಮದೇ ಹಿರಿಯರಿಗೆ ಎಡೆ ಹಾಕುತ್ತಿದ್ದ ತೆಲುಗರ ಮನೆಯ ಹೆಂಗಸರು. ಒಂದೂವರೆಗೆ ಬೆವರಿ ಬಂದು, "ಬಿಲ್ಡಿಂಗಿನ್ಯಾಗ ಒಬ್ಬ ಮುತ್ತೈದಿ ಖಾಲಿ ಇಲ್ಲಪಾ," ಎಂದ.

"ಹಿಂದಿನ ಗಲ್ಲ್ಯಾಗ ನೋಡು. ಆಕಿ ಉಣ್ಣದ ಹೊರ್ತು ಹ್ಯಾಂಗ ಉಣ್ಣೂದು?"

ಅವನು ಮತ್ತೆ ಹೋದ. ಎರಡಾಯಿತು. ಹೋಳಿಗೆ ಆರುತ್ತಿತ್ತು. ಅಮರೇಶಪ್ಪನವರು ತಾಟಿನ ಮುಂದೆ ಕೂತು, ಎದ್ದು, ಮತ್ತೆ ಕೂತರು. ಬಿಸಿ ಇರಲೆಂದು ಕೊನೆಯ ನಾಲ್ಕು ರೊಟ್ಟಿ ಈಗ ಬಡಿಯಲು ಹೇಳಿದರು.

ಸುವರ್ಣಾ ಒಂದು ಬಡಿದು ಹಂಚಿಗೆ ಹಾಕಿದಳು. ಎರಡನೆಯದಕ್ಕೆ ಹಿಟ್ಟು ತೆಗೆದುಕೊಂಡವಳು ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಹಾಗೇ ನೆಲಕ್ಕೆ ಕುಸಿದು ಕೂತಳು. ಒಂದು ಮೊಣಕಾಲು ಮೇಲೆ. ಬೆವರಿಗೆ ಕುಪ್ಪಸ ಬೆನ್ನಿಗೆ ಅಂಟಿತ್ತು.

"ಅತ್ತಿ," ಎಂದಳು. "ಹಸಿವಾಗೈತ್ರಿ."

ಉಮಾಬಾಯಿ ಹಂಚಿನ ಮೇಲಿನ ರೊಟ್ಟಿ ನೋಡಿದಳು. ಅವತ್ತೂ ಹೀಗೇ ಇತ್ತು. ಅವತ್ತೂ ಎರಡು ಗಂಟೆ. "ಉಮೀ, ಹಸಿವಾಗೈತಿ, ಒಂದು ರೊಟ್ಟಿ ಕೊಡು," ಎಂದು ಅಕ್ಕ ಕೇಳಿದ್ದಳು. ರೊಟ್ಟಿಯ ಬುಟ್ಟಿ ಉಮಾಬಾಯಿಯ ಮಡಿಲ ಪಕ್ಕದಲ್ಲೇ ಇತ್ತು. "ಗಂಡಸರು ಉಣ್ಣಲಿ ತಡಿ ಅಕ್ಕಾ," ಎಂದಿದ್ದಳು ಹದಿನೇಳರ ಉಮಿ, ಒಳ್ಳೆಯ ಹುಡುಗಿ ಎನ್ನಿಸಿಕೊಳ್ಳುವ ಆಸೆಗೆ. ಅಕ್ಕ ಸರಿ ಎಂದು ಇನ್ನೂ ಮೂರು ರೊಟ್ಟಿ ಬಡಿದಳು. ನಾಲ್ಕನೆಯದು ಅವಳ ಕೈಯಲ್ಲೇ ಉಳಿಯಿತು. ಒಂದು ರೊಟ್ಟಿ ಅವಳನ್ನು ಉಳಿಸುತ್ತಿರಲಿಲ್ಲ, ಅದು ಉಮಾಬಾಯಿಗೂ ಗೊತ್ತು. ಆದರೆ ಅವಳು ಹಸಿದು ಸಾಯುತ್ತಿರಲಿಲ್ಲ.

ಉಮಾಬಾಯಿ ಸ್ಟೂಲು ಎಳೆದು ಹತ್ತಿದಳು. ಅಟ್ಟದಿಂದ ಕಾಗದ ಸುತ್ತಿದ ತಾಟು ಇಳಿಸಿ, ಕಾಗದ ಹರಿದು, ಸೆರಗಿನಲ್ಲಿ ಒರೆಸಿದಳು. ಅಂಚಿನಲ್ಲಿ 'ಸುವರ್ಣಾ' ಎಂದು ಕೊರೆದಿತ್ತು. ಹಂಚಿನ ಮೇಲಿನ ರೊಟ್ಟಿ, ಎಣ್ಣೆಗಾಯಿ, ತುಪ್ಪದ ಬಟ್ಟಲು ಇಟ್ಟುಕೊಂಡು, ಕೈಗೆ ಸಿಕ್ಕ ಹಿಟ್ಟಿನ ಇನ್ನೊಂದು ರೊಟ್ಟಿಯನ್ನು ನೋಯುವ ಮಣಿಕಟ್ಟಿನಿಂದಲೇ ತಟ್ಟಿ ಹಂಚಿಗೆಸೆದಳು. ಸೊಸೆಯ ರಟ್ಟೆ ಹಿಡಿದೆಬ್ಬಿಸಿ, ನಡೆಸಿಕೊಂಡು ಬಂದು, ಹಾಲಿನ ನಟ್ಟನಡುವೆ, ಗಂಡಸರ ಸಾಲಿನಲ್ಲೇ ಕೂರಿಸಿದಳು. ಪೂರ್ವಿಯನ್ನೂ ಎಳೆದು ತಾಯಿಯ ಪಕ್ಕದಲ್ಲಿ ಕೂರಿಸಿ ಹೋಳಿಗೆಯ ತಾಟು ಕೊಟ್ಟಳು.

"ಉಣ್ಣು."

ಅಷ್ಟರಲ್ಲಿ ರಾಹುಲ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಅಮರೇಶಪ್ಪನವರು, "ಏ, ಏ! ಎಡಿ ಆಗಿಲ್ಲ. ಶಿವದೇವಿ ಹೆಸರಿನ್ಯಾಗ..." ಎಂದು ತಡೆಯಹೋದರು.

"ಶಿವದೇವಿ ಹೆಸರಿನ್ಯಾಗ ಅಲ್ಲ. ಸುವರ್ಣಾ ಹೆಸರಿನ್ಯಾಗ. ಆಕಿ ತಾಟಿನ್ಯಾಗ." ಉಮಾಬಾಯಿ ಸೊಸೆಯ ಮುಂದೆ ಅಡ್ಡ ನಿಂತಳು. "ಅಕ್ಕ ಕನಸಿನ್ಯಾಗ ಯಾವತ್ತೂ ಬಂದಿಲ್ರಿ. ಗ್ಯಾಸು ಕೇಳಿದಾಕಿ ನಾನು. ಆಪರೇಷನ್ ಕೇಳಿದಾಕಿ ನಾನು. ಅಕ್ಕ ಜೀವ ಇದ್ದಾಗ ಒಂದ ಒಂದು ಸಲ ಕೇಳಿದ್ಲು. ಹಸಿವಾಗೈತಿ, ಒಂದು ರೊಟ್ಟಿ ಕೊಡು ಅಂದ್ಲು. ನನ್ನ ಕೇಳಿದ್ಲು. ನಾ ಕೊಡಲಿಲ್ಲ. ನೀವು ಉಂಡಿರಲಿಲ್ಲ ಅಂತ ಕೊಡಲಿಲ್ಲ."

ಸುವರ್ಣಾಳ ಕೈ ತುತ್ತಿನೊಂದಿಗೆ ಅರ್ಧಕ್ಕೆ ನಿಂತಿತು.

ಅಮರೇಶಪ್ಪನವರು ಫೋಟೋದ ಕಡೆ ನೋಡಿದರು.

"ನನಗೂ ಕೇಳಿಸಿತ್ತು," ಎಂದರು.

"ಏನು?"

"ಆಕಿ ರೊಟ್ಟಿ ಕೇಳಿದ್ದು. ನಾ ಪಡಸಾಲ್ಯಾಗ ಬಾಗಲ ಹತ್ರನ ಕುಂತಿದ್ದೆ. ಅಪ್ಪ ಇದ್ರು... ಕೊಡು ಅಂತ ಹ್ಯಾಂಗ ಅನ್ನೂದು ಅಂತ ಸುಮ್ಮನಾದೆ."

ಮೂವತ್ತನಾಲ್ಕು ವರ್ಷ. ಆ ಮಾತು ಕೇಳಿದವಳು ತಾನೊಬ್ಬಳೇ ಎಂದುಕೊಂಡು ಉಮಾಬಾಯಿ ಅದನ್ನು ಒಬ್ಬಳೇ ಹೊತ್ತಿದ್ದಳು. ಕೊರಳಲ್ಲಿ ಬಿಲ್ಲೆ ಹೊತ್ತವಳೂ ಅವಳೊಬ್ಬಳೇ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು ಹತ್ತಿತು. ಶಿವದೇವಿಯ ಫೋಟೋದ ಮುಂದಿನ ಖಾಲಿ ತಾಟನ್ನು ಎತ್ತಿಕೊಂಡಳು. ಈ ಮನೆಯಲ್ಲಿ ಉಮಾಬಾಯಿಯ ಹೆಸರಿನ ತಾಟೇ ಇರಲಿಲ್ಲ. ಅಕ್ಕನ ಸಾಮಾನು ಇದೆಯಲ್ಲ ಎಂದು ತವರಿನವರು ಏನೂ ಕೊಟ್ಟಿರಲಿಲ್ಲ. ಅಕ್ಕನ ತಾಟಿಗೇ ರೊಟ್ಟಿ ಹಾಕಿಕೊಂಡು ಸೊಸೆಯ ಪಕ್ಕದಲ್ಲಿ ಕೂತು ಮುರಿದಳು. ಗಂಡನ ಕಣ್ಣೆದುರು, ಗಂಡ ಹಸಿದಿರುವಾಗ, ಮೊದಲ ತುತ್ತು ನುಂಗಿದಳು.

ಸುವರ್ಣಾ ತನ್ನ ತಾಟಿನ ತುಪ್ಪದ ಬಟ್ಟಲನ್ನು ಅತ್ತೆಯ ಕಡೆ ಸರಿಸಿ ಉಣ್ಣತೊಡಗಿದಳು. ಪೂರ್ವಿ ಅಜ್ಜನನ್ನೇ ನೋಡುತ್ತ, ಮೆಲ್ಲಗೆ, ಹೋಳಿಗೆಯ ಅಂಚು ಕಚ್ಚಿದಳು.

ಅಡುಗೆಮನೆಯಿಂದ ಸೀದ ವಾಸನೆ ಬಂತು. ಹಂಚಿನ ಮೇಲೆ ರೊಟ್ಟಿ ಇತ್ತು. ರೂಢಿಯ ಮೇಲೆ ಸುವರ್ಣಾ ಏಳಹೋದಳು. ಉಮಾಬಾಯಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ರೊಟ್ಟಿ ಹೊತ್ತಾಕತ್ತೈತಿ," ಎಂದಳು ಗಂಡನಿಗೆ. "ಹೋಗಿ ತಗೀರಿ."

ಅಮರೇಶಪ್ಪನವರು ಎದ್ದರು. ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತುಬಿಟ್ಟರು. ಒಲೆಯ ಕೆಳಗಿನ ನೆಲವನ್ನು ನೋಡುತ್ತ, ಚೌಕಟ್ಟು ಹಿಡಿದು, ಕಾಲು ಒಳಗಿಡದೆ ನಿಂತರು. ಹೊಗೆ ಅವರ ಭುಜದ ಮೇಲಿಂದ ಹಾಲಿಗೆ ಬರತೊಡಗಿತು.

"ಹೋಗ್ರಿ," ಎಂದಳು ಉಮಾಬಾಯಿ, ಎರಡನೇ ತುತ್ತು ಮುರಿಯುತ್ತ. "ಆಕಿ ಏನೂ ಮಾಡಂಗಿಲ್ಲ. ಆಕಿಗೆ ಒಂದು ರೊಟ್ಟಿ ಬೇಕಾಗಿತ್ತು, ಅಷ್ಟ."